ಪಿತೃಋಣವೂ ಕೂಲಿಯ ಖಾತೆಯೂ

ಶ್ರಾದ್ಧವನ್ನು ಮಾಡುವವನು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರ ಹೆಸರನ್ನು ಹಿಡಿದು ಪಿಂಡವಿಡುತ್ತಾನೆ. ಅವರಿಗಿಂತ ಹಿಂದಿನ ಮೂವರಿಗೆ ಬೇರೆ ಪಿಂಡವಿಲ್ಲ. ಕೈಗಂಟಿದ ಅನ್ನವನ್ನು ದರ್ಭೆಗೆ ಒರೆಸಿದರೆ ಅದೇ ಅವರ ಪಾಲು. ಅದಕ್ಕೂ ಹಿಂದಿನವರನ್ನು ಹೆಸರಿಡಿದು ಕರೆಯಬೇಕೆಂದು ಶಾಸ್ತ್ರವು ಯಾರನ್ನೂ ಬಲವಂತಪಡಿಸುವುದಿಲ್ಲ. ಮನುಷ್ಯನ ನೆನಪು ಎಷ್ಟು ದೂರ ಹೋಗಬಲ್ಲುದೆಂಬುದನ್ನು ಅಳೆದು ನೋಡಿಯೇ ಹಿರಿಯರು ಈ ಏರ್ಪಾಡನ್ನು ಮಾಡಿದಂತೆ ತೋರುತ್ತದೆ. ಆದರೆ ಮನುಷ್ಯನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಕರ್ನಾಟಕದ ಬಡಗಣ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವನು ಒಕ್ಕಲಿನ ಮನೆಯ ಮುಂದೆ ನಿಂತು ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹೇಳತೊಡಗಿದರೆ, ಕೇಳುವ ಯಜಮಾನನ ಮುಖವು ಅರಳುತ್ತದೆ. ಯಾವ ಊರಿಂದ ಬಂದವರು, ಯಾರು ಕೆರೆ ಕಟ್ಟಿಸಿದರು, ಯಾರಿಗೆ ಎಷ್ಟು ಮಂದಿ ಮಕ್ಕಳು ಎಂಬುದನ್ನೆಲ್ಲ ಕೇಳಿ, ಮೊರದ ತುಂಬ ಜೋಳವನ್ನು ನೀಡುತ್ತಾನೆ. ಹೆಳವನು ಯಾವ ಮನೆಯ ಮುಂದಾದರೂ ನಿಂತು, ನಿಮ್ಮ ಮುತ್ತಜ್ಜನು ನೆರೆಯವನ ಹೊಲದ ಬದುವನ್ನು ಒತ್ತಿದವನು ಎಂದು ಹೇಳಿದ್ದನ್ನು ಮಾತ್ರ ಯಾರೂ ಕೇಳಿರಲಾರರು. ಜೋಳದ ಮೊರವು ಕೈಯಲ್ಲಿರುವಾಗ ಅಂಥ ಮಾತು ಹೊರಡುವುದು ಕಷ್ಟ.

ಹೆಳವನೂ ಇಲ್ಲದ, ಪುರೋಹಿತನೂ ಇಲ್ಲದ ಊರುಗಳುಂಟು. ಗಣಿಗಳ ಸುತ್ತಲೂ, ಟೀ ತೋಟಗಳ ನಡುವೆಯೂ, ಮರಕೊಯ್ಯುವ ಗಿರಣಿಗಳ ಬದಿಯಲ್ಲಿಯೂ ನಾಲ್ಕು ದಿಕ್ಕಿನಿಂದ ಬಂದ ಕೂಲಿಯವರಿಂದಾಗಿ ಒಂದೇ ವರ್ಷದಲ್ಲಿ ಹುಟ್ಟಿಕೊಂಡು, ಕೆಲಸವು ತೀರಿದೊಡನೆ ಕರಗಿಹೋದ ಊರುಗಳವು. ಅಲ್ಲಿ ವಂಶಾವಳಿಯನ್ನು ಬರೆದಿಟ್ಟವನೆಂದರೆ ಕಂಪನಿಯ ಗುಮಾಸ್ತನೊಬ್ಬನೇ. ಅವನು ಬರೆದದ್ದಾದರೂ ವಂಶವನ್ನಲ್ಲ, ಕೂಲಿಯ ಲೆಕ್ಕವನ್ನು. ಇಂದು ಆ ಕೂಲಿಗಳ ಮೊಮ್ಮಕ್ಕಳೂ ಮರಿಮಕ್ಕಳೂ ದಫ್ತರಗಳ ಧೂಳನ್ನು ಕೊಡವಿ ತಮ್ಮ ಹಿರಿಯರ ಹೆಸರನ್ನು ಹುಡುಕುತ್ತಿದ್ದಾರೆ. ಈ ಹುಡುಕಾಟವು ಭಕ್ತಿಯೋ, ಕುತೂಹಲವೋ, ತನ್ನ ಬೇರು ದೊಡ್ಡದೆಂದು ತೋರಿಸಿಕೊಳ್ಳುವ ಸಣ್ಣ ಹೆಮ್ಮೆಯೋ? ಹುಡುಕಿದ ಹೆಸರು ಸಿಕ್ಕಿದ ಮೇಲೆ ಸಿಕ್ಕಿದವನಿಗೆ ಯಾವ ಕರ್ತವ್ಯವಾದರೂ ಹುಟ್ಟುತ್ತದೆಯೋ, ಅಥವಾ ಹೆಸರನ್ನು ಗೋಡೆಗೆ ತೂಗುಹಾಕಿ ಸುಮ್ಮನಿರಬಹುದೋ? ಈ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ವಿಚಾರಿಸುವುದಕ್ಕಿಂತ ಒಂದು ಊರಿನ ನೆಲದ ಮೇಲಿಟ್ಟು ನೋಡುವುದು ಲೇಸು.

ಕೆನಡಾ ದೇಶದ ಪಶ್ಚಿಮದ ಅಂಚಿನಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಅದಕ್ಕೆ ಸೇರಿದ ವ್ಯಾಂಕೂವರ್ ದ್ವೀಪದಲ್ಲಿ, ಡಂಕನ್ ಪಟ್ಟಣಕ್ಕೆ ಸಮೀಪವಾದ ಕೌಯಿಚನ್ ಕಣಿವೆಯಲ್ಲಿ, ಪಾಲ್ಡಿ ಎಂಬ ಊರಿತ್ತು. ಹೆಸರು ಪಂಜಾಬಿನದು. ಹೋಶಿಯಾರ್‌ಪುರ ಜಿಲ್ಲೆಯ ಪಾಲ್ಡಿ ಗ್ರಾಮದಿಂದ 1906ರಲ್ಲಿ ಹಡಗು ಹತ್ತಿದ ಮೇಯೋ ಸಿಂಗ್ ಎಂಬ ತರುಣನು ಗರಗಸದ ಗಿರಣಿಗಳಲ್ಲಿ ಕೂಲಿಮಾಡಿ, ದುಡಿದದ್ದನ್ನು ಕೂಡಿಟ್ಟು, ಕಪೂರ್ ಸಿಂಗ್ ಮೊದಲಾದ ಪಾಲುಗಾರರೊಡನೆ 1917ರ ಸುಮಾರಿಗೆ ಈ ಕಣಿವೆಯಲ್ಲಿ ಮೇಯೋ ಲಂಬರ್ ಕಂಪನಿಯನ್ನು ನೆಲೆಗೊಳಿಸಿದನು. ಗಿರಣಿಯ ಸುತ್ತ ಊರು ಬೆಳೆಯಿತು. 1919ರಲ್ಲಿ ಗುರುದ್ವಾರವೆದ್ದಿತು. ಮೊದಲು ಊರಿಗೂ ಮೇಯೋ ಎಂದೇ ಹೆಸರಿತ್ತು; ಯೂಕಾನ್ ಸೀಮೆಯಲ್ಲಿ ಅದೇ ಹೆಸರಿನ ಇನ್ನೊಂದು ಊರಿದ್ದುದರಿಂದ ಗೊಂದಲವಾಗಿ 1936ರಲ್ಲಿ ಪಾಲ್ಡಿಯೆಂದು ಬದಲಾಯಿಸಿದರು. ಊರಿನಲ್ಲಿ ಪಂಜಾಬಿಗಳಲ್ಲದೆ ಜಪಾನೀಯರೂ ಚೀನೀಯರೂ ಐರೋಪ್ಯರೂ ಇದ್ದರು. ಒಬ್ಬೊಬ್ಬರದೂ ಬೇರೆ ಅಡಿಗೆ, ಬೇರೆ ಬಿಡಾರ. ಮಕ್ಕಳಿಗೆ ಶಾಲೆ ಒಂದೇ. ಮೇಯೋ ಸಿಂಗನು 1955ರಲ್ಲಿ ತೀರಿಕೊಂಡನು. ಸುತ್ತಲಿನ ಮರವು ಮುಗಿದಂತೆ ಗಿರಣಿಯ ಸದ್ದೂ ಅಡಗಿತು. ಈಗ ಅಲ್ಲಿ ಗುರುದ್ವಾರವಿದೆ. ಊರು ಎನ್ನುವಷ್ಟು ಊರಿಲ್ಲ.

ಕೂಲಿಯಾಗಿ ಹೋದವನೊಬ್ಬನು ಒಡೆಯನಾಗಿ, ತನ್ನ ಹಳ್ಳಿಯ ಹೆಸರನ್ನು ಭೂಮಿಯ ಆ ಬದಿಯಲ್ಲಿ ನೆಟ್ಟನೆಂಬುದು ಭಾರತೀಯರಿಗೆ ಅಭಿಮಾನದ ವಿಷಯವೇ ಸರಿ. ಅವನು ಇದನ್ನು ಮಾಡಿದ ಕಾಲದಲ್ಲಿ ಆ ಪ್ರಾಂತದ ಕಾನೂನು ಅವನಿಗೆ ಹೇಗಿತ್ತೆಂಬುದನ್ನು ನೆನೆದರೆ ಅಭಿಮಾನವು ಇಮ್ಮಡಿಯಾಗುತ್ತದೆ. 1907ರಲ್ಲಿ ಅಲ್ಲಿಯ ಶಾಸನಸಭೆಯು ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತ್ತು. ಅದು ಮರಳಿ ಬಂದದ್ದು 1947ರಲ್ಲಿ. 1908ರ ಆಜ್ಞೆಗಳ ಪ್ರಕಾರ ಭಾರತದಿಂದ ಬರುವವನು ನಡುವೆ ಎಲ್ಲಿಯೂ ತಂಗದೆ ನೇರವಾಗಿ ಬರಬೇಕು, ಕೈಯಲ್ಲಿ 200 ಡಾಲರು ಇರಬೇಕು. ನೇರವಾಗಿ ಬರುವ ಹಡಗೇ ಇರಲಿಲ್ಲವೆಂಬುದು ಆಜ್ಞೆಯನ್ನು ಬರೆದವರಿಗೆ ಗೊತ್ತಿತ್ತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದಕ್ಕೆ ಅಪ್ಪಣೆಯಾದದ್ದು 1919ರಲ್ಲಿ. ಹೀಗಿರಲು ಗಿರಣಿಯ ಬಿಡಾರಗಳಲ್ಲಿ ವಾಸವಾಗಿದ್ದವರಲ್ಲಿ ಬಹುಮಂದಿ, ಸಂಸಾರವಿದ್ದೂ ಸಂಸಾರವಿಲ್ಲದ ಗಂಡಸರು. ಅವರ ವಂಶವು ಮುಂದುವರಿದದ್ದು ಸಾವಿರಾರು ಮೈಲು ದೂರದ ಹಳ್ಳಿಯೊಂದರಲ್ಲಿ, ಹಣದ ಹುಂಡಿಗಾಗಿ ಕಾಯುತ್ತಿದ್ದ ಹೆಂಗಸಿನ ಮನೆಯಲ್ಲಿ. ಕಂಪನಿಯ ಯಾವ ಖಾತೆಯಲ್ಲಿಯೂ ಆ ಹೆಂಗಸಿನ ಹೆಸರಿಗೆ ಅಂಕಣವಿರಲಿಲ್ಲ.

ಇಂಥ ಒಬ್ಬನ ಮೊಮ್ಮಗನೋ ಮರಿಮಗಳೋ ಇಂದು ಹುಡುಕಲು ಹೊರಟರೆ ಮೊದಲು ಎದುರಾಗುವುದು ಖಾನೇಷುಮಾರಿಯ ಕಾಗದಗಳು. ಕೆನಡಾದಲ್ಲಿ ಅವನ್ನು 92 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1931ರದು 2023ರಲ್ಲಿ ತೆರೆಯಿತು. ತೆರೆದ ಹಾಳೆಯಲ್ಲಿ ಕಾಣುವುದೇನು? ಒಂದರ ಕೆಳಗೊಂದು ಸಿಂಗ್, ಸಿಂಗ್, ಸಿಂಗ್. ಬರೆದವನ ಕಿವಿಗೆ ಕೇಳಿದಂತೆ ಅಕ್ಷರಗಳು. ಜನಾಂಗವೆಂಬ ಅಂಕಣದಲ್ಲಿ ಗಡ್ಡ ಪೇಟಗಳ ಸಿಖ್ಖನೂ ನಮಾಜು ಮಾಡುವ ಮುಸಲ್ಮಾನನೂ ಸೇರಿ ಎಲ್ಲರೂ ‘ಹಿಂದೂ’. ಆ ಪ್ರಾಂತದ ಕಾನೂನಿನಲ್ಲಿಯೇ ಹಿಂದೂ ಎಂದರೆ ಆಂಗ್ಲೋ ಸ್ಯಾಕ್ಸನ್ ತಂದೆತಾಯಿಗಳಿಗೆ ಹುಟ್ಟದ ಭಾರತೀಯನೆಂದು ಅರ್ಥಮಾಡಿದ್ದರು. ಧರ್ಮದ ಇಂಥ ಲಕ್ಷಣವನ್ನು ಕಾಶಿಯ ಪಂಡಿತರಾಗಲಿ ಶೃಂಗೇರಿಯವರಾಗಲಿ ಎಂದೂ ಊಹಿಸಿರಲಾರರು.

ಹಾಳೆಯಲ್ಲಿ ಗುರುತು ಹತ್ತದವನು ಹಿಂದಕ್ಕೆ ತಿರುಗಿ ಪಂಜಾಬಿನ ದಾರಿ ಹಿಡಿಯುತ್ತಾನೆ. ಅಲ್ಲಿ ಎರಡು ಬಾಗಿಲುಗಳುಂಟು. ಹರಿದ್ವಾರದ ಪಂಡರು ಊರೂರಿನ ಮನೆತನಗಳನ್ನು ಉದ್ದನೆಯ ಬಹಿಗಳಲ್ಲಿ ಬರೆದಿಟ್ಟಿದ್ದಾರೆ. ಅಸ್ಥಿಯನ್ನು ಗಂಗೆಗೆ ಬಿಡಲು ಹೋದವರೆಲ್ಲ ಅದರಲ್ಲಿ ಹೆಸರು ಬರೆಯಿಸಿ ಬಂದವರೇ. ಎರಡನೆಯದು ಕಂದಾಯದ ದಫ್ತರು. ಜಮೀನಿನ ಪಹಣಿಯ ಜೊತೆಗೆ ಶಜರಾ ನಸಬ್ ಎಂಬ ವಂಶವೃಕ್ಷವನ್ನು ಪಟವಾರಿಯು ಬರೆದಿಡುವನು. ಅಚ್ಚುಕಟ್ಟಾದ ದಾಖಲೆ, ಆದರೆ ಜಮೀನಿನ ಒಡೆಯರ ವಂಶ ಮಾತ್ರ ಅದರಲ್ಲಿರುತ್ತದೆ. ಹೊಲವಿಲ್ಲದವನಿಗೆ ವೃಕ್ಷವೂ ಇಲ್ಲ. ಒಂದೇ ಹಡಗಿನಲ್ಲಿ ಬಂದು ಒಂದೇ ಗರಗಸದ ಎರಡು ಕಡೆ ನಿಂತ ಇಬ್ಬರಲ್ಲಿ, ಎರಡೆಕರೆಯ ಹೊಲವಿದ್ದವನಿಗೆ ಆರು ತಲೆಮಾರಿನ ಹಿರಿಯರು ಸಿಕ್ಕುತ್ತಾರೆ. ಚಮ್ಮಾರನ ಮಗನಿಗೆ ತನ್ನ ಅಜ್ಜನೇ ಸಿಕ್ಕುವುದಿಲ್ಲ. ಪೂರ್ವಿಕರೆಂಬವರೂ ಒಂದು ಬಗೆಯ ಆಸ್ತಿಯೇ ಆಗಿದ್ದಾರೆಂಬುದು ಇಲ್ಲಿ ಹೊಳೆಯುತ್ತದೆ.

ಚೀನೀಯನ ಕಥೆ ಬೇರೆ. 1885ರಿಂದ ಅವನು ಕೆನಡಾದ ನೆಲದ ಮೇಲೆ ಕಾಲಿಡುವುದಕ್ಕೆ ತಲೆಗೆ 50 ಡಾಲರು ತೆರಬೇಕಾಗಿತ್ತು. ಅದು ಏರಿ 100 ಆಗಿ, 1903ರಲ್ಲಿ 500 ಆಯಿತು. 1923ರಲ್ಲಿ ಬಾಗಿಲನ್ನೇ ಮುಚ್ಚಿ 1947ರವರೆಗೆ ತೆರೆಯಲಿಲ್ಲ. ತೆರಿಗೆ ಕೊಟ್ಟವನಿಗೆ ಭಾವಚಿತ್ರದೊಡನೆ ಒಂದು ಪತ್ರ ಕೊಡುತ್ತಿದ್ದರು. ಅವಮಾನದ ಆ ಪತ್ರವೇ ಇಂದು ಮೊಮ್ಮಕ್ಕಳಿಗೆ ಅಜ್ಜನ ಮುಖವನ್ನು ತೋರಿಸುವ ಕನ್ನಡಿಯಾಗಿದೆ. ಆದರೆ ಸತ್ತವನ ಪತ್ರವನ್ನೋ ಹಿಂದಿರುಗಿದವನ ಪತ್ರವನ್ನೋ ಕ್ರಯಕ್ಕೆ ಕೊಂಡು ಅದರ ಹೆಸರಿನಲ್ಲಿ ಬಂದವರೂ ಇದ್ದರು. ಅಂಥವನ ಸಂತತಿಯು ಮೂರು ತಲೆಯಿಂದ ಹೊತ್ತ ಮನೆತನದ ಹೆಸರು ಯಾರೋ ಅಪರಿಚಿತನದು. ನಿಜವನ್ನು ಕಂಡುಕೊಂಡ ಮೇಲೆ ಅವರು ಯಾವ ಹೆಸರಿಗೆ ಧೂಪವನ್ನು ಹಚ್ಚಬೇಕು? ರಕ್ತವನ್ನು ಕೊಟ್ಟವನಿಗೋ, ದಾಟಿಬರಲು ಹೆಸರನ್ನು ಕೊಟ್ಟವನಿಗೋ? ಇಬ್ಬರಿಗೂ ಎನ್ನುವುದು ಸುಲಭ. ಆದರೆ ಗೋತ್ರವೆಂಬ ಕಲ್ಪನೆಯ ಬುಡವೇ ಆ ಉತ್ತರದಿಂದ ಅಲುಗುತ್ತದೆ.

ಜಪಾನೀಯರಲ್ಲಿ ಕೋಸೆಕಿ ಎಂಬ ಮನೆತನದ ದಾಖಲೆಯನ್ನು ಸರಕಾರವೇ ಇಟ್ಟಿದೆ. ಹುಡುಕುವವನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲವೇನೆಂದು ತೋರಬಹುದು. ಆದರೆ 1872ರಲ್ಲಿ ಮೊದಲು ಮಾಡಿದ ಕೋಸೆಕಿಯನ್ನು 1968ರಲ್ಲಿ ಮುದ್ರೆಯೊತ್ತಿ ಮುಚ್ಚಿಬಿಟ್ಟರು. ಈಗ ಅದನ್ನು ಯಾರಿಗೂ ತೋರಿಸುವುದಿಲ್ಲ. ಕಾರಣವು ವಿಚಾರಾರ್ಹವಾಗಿದೆ. ಚರ್ಮದ ಕೆಲಸ, ಹೆಣದ ಕೆಲಸಗಳನ್ನು ಮಾಡುತ್ತಿದ್ದುದರಿಂದ ಹೊಲೆಯೆಂದು ದೂರವಿಟ್ಟಿದ್ದ ಜನವನ್ನು 1871ರಲ್ಲಿ ಅಲ್ಲಿಯ ಸರಕಾರವು ಎಲ್ಲರಿಗೂ ಸಮಾನರೆಂದು ಸಾರಿತು. ಮರುವರ್ಷವೇ ಬರೆದ ಈ ದಾಖಲೆಯಲ್ಲಿ ಅನೇಕ ಕಡೆ ಗುಮಾಸ್ತರು ಅವರನ್ನು ‘ಹೊಸ ಪ್ರಜೆ’ ಎಂದು ಬರೆದು ಹಳೆಯ ಗುರುತನ್ನು ಉಳಿಸಿಬಿಟ್ಟರು. ಮದುವೆಯ ಸಂಬಂಧ ಕುದುರಿಸುವವರೂ ಕೆಲಸಕ್ಕೆ ಆಳನ್ನು ಆರಿಸುವವರೂ ನೂರು ವರ್ಷದ ಹಿಂದಿನ ಆ ಹಾಳೆಯನ್ನು ತೆಗೆಸಿ ನೋಡಿ, ಇಂಥವರ ಮಕ್ಕಳನ್ನು ತಳ್ಳಿಹಾಕತೊಡಗಿದ್ದರಿಂದ ಅದನ್ನು ಕಟ್ಟಿಡಬೇಕಾಯಿತು. ತಿಳಿಯುವುದೆಲ್ಲವೂ ಒಳ್ಳೆಯದೆಂದು ನಂಬುವವರು ಈ ಮುದ್ರೆಯ ಮುಂದೆ ಸ್ವಲ್ಪ ನಿಲ್ಲಬೇಕು. ಅಜ್ಜನನ್ನು ಹುಡುಕುವವನೂ ಅವನ ಜಾತಿಯನ್ನು ಹುಡುಕುವವನೂ ತೆರೆಯುವ ಪುಸ್ತಕ ಒಂದೇ. ಕನ್ನಡನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಹಾಗಾದರೆ ಹುಡುಕುವುದನ್ನೇ ಬಿಡಬಾರದೇಕೆ ಎಂದು ಕೇಳುವವರುಂಟು. ಅವರ ವಾದವು ಬಲವಾದದ್ದೇ. ಒಬ್ಬನಿಗೆ ತಂದೆತಾಯಿಗಳು ಇಬ್ಬರು, ಅಜ್ಜಅಜ್ಜಿಯರು ನಾಲ್ವರು. ಹತ್ತು ತಲೆ ಹಿಂದೆ ಹೋದರೆ ಲೆಕ್ಕಕ್ಕೆ 1,024 ಮಂದಿಯಾಗುತ್ತಾರೆ. ಅವರಲ್ಲಿ ಒಬ್ಬನನ್ನು, ಅದೂ ಗಂಡುಸಾಲಿನವನನ್ನು, ಅದೂ ಹೆಸರು ಬರೆದಿಟ್ಟವನನ್ನು ಆರಿಸಿಕೊಂಡು ‘ಇವನು ನನ್ನ ಮೂಲಪುರುಷ’ ಎನ್ನುವುದು ಸತ್ಯಕ್ಕಿಂತ ಹೆಚ್ಚಾಗಿ ರುಚಿಯ ವಿಷಯ. ಹುಡುಕಾಟದ ಬಹುಭಾಗವು ಈ ರುಚಿಯಿಂದಲೇ ನಡೆಯುತ್ತದೆಂಬುದನ್ನು ಅಲ್ಲಗಳೆಯಲಾಗದು. ಗಿರಣಿಯ ಒಡೆಯನಿಗೆ ದೂರದ ನೆಂಟನೆಂದು ತಿಳಿದರೆ ಊರಿಗೆಲ್ಲ ಹೇಳುವವನು, ಗಿರಣಿಯ ಕಸಗುಡಿಸುವವನ ಮೊಮ್ಮಗನೆಂದು ತಿಳಿದರೆ ಪುಸ್ತಕವನ್ನು ಮುಚ್ಚಿಡುವುದುಂಟು. ಆದರೆ ಎಲ್ಲರೂ ಹಾಗಲ್ಲ. ಮಾತೇ ಆಡದೆ ಸತ್ತ ಅಜ್ಜನೊಬ್ಬನ ಎಡಗೈಯಲ್ಲಿ ಎರಡು ಬೆರಳು ಏಕೆ ಇರಲಿಲ್ಲವೆಂಬುದನ್ನು ತಿಳಿಯಬೇಕೆಂದು ಹೊರಡುವ ಮೊಮ್ಮಗಳನ್ನು ಯಾರು ಹೆಮ್ಮೆಗಾರ್ತಿಯೆನ್ನುವರು?

ತಿಳಿದ ಮೇಲೇನು ಎಂಬ ಪ್ರಶ್ನೆಗೆ ಕನ್ನಡನಾಡಿನಲ್ಲಿಯೇ ಒಂದು ಹಳೆಯ ಉತ್ತರವಿದೆ. ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಹಿರಿಯರ ಸಾಲವನ್ನು ಯಾರು ಎಷ್ಟು ತೀರಿಸಬೇಕೆಂಬುದನ್ನು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾನೆ. ತಂದೆಯ ಸಾಲವನ್ನು ಮಗನು ಬಡ್ಡಿಸಹಿತ ತೀರಿಸಬೇಕು. ಅಜ್ಜನ ಸಾಲದಲ್ಲಿ ಮೊಮ್ಮಗನು ಅಸಲನ್ನಷ್ಟೇ ಕೊಡಬೇಕು. ಮರಿಮಗನು, ಮುತ್ತಜ್ಜನ ಆಸ್ತಿಯು ಕೈಸೇರದ ಪಕ್ಷದಲ್ಲಿ, ಕೊಡಬೇಕಾದದ್ದಿಲ್ಲ. ಹೆಂಡಕ್ಕಾಗಿ, ಜೂಜಿಗಾಗಿ ಮಾಡಿದ ಸಾಲವು ಮಗನಿಗೂ ಅಂಟುವುದಿಲ್ಲ. ಇಂಡಿಯಾದ ಕಾನೂನು ಈ ಪುತ್ರಧರ್ಮವನ್ನು 2005ರ ತಿದ್ದುಪಡಿಯಿಂದ ಹೊಸ ಸಾಲಗಳ ಮಟ್ಟಿಗೆ ಕೈಬಿಟ್ಟಿದೆ. ಕಾನೂನು ಬಿಟ್ಟಿತೆಂದು ವಿಚಾರವೂ ಸವೆದುಹೋಯಿತೆನ್ನಲಾಗದು. ಅದರ ತಿರುಳಿಷ್ಟು: ರಕ್ತದ ಋಣವು ತಲೆಮಾರು ಇಳಿದಂತೆ ಹಗುರವಾಗುತ್ತದೆ, ಆದರೆ ಆಸ್ತಿಯನ್ನು ತೆಗೆದುಕೊಂಡವನು ಎಷ್ಟನೆಯ ತಲೆಯವನಾದರೂ ಆಸ್ತಿಯ ಮೇಲಿನ ಸಾಲವನ್ನೂ ತೆಗೆದುಕೊಂಡಂತೆ.

ಈ ಅಳತೆಗೋಲನ್ನು ಕೆನಡಾದಲ್ಲಿ ನಡೆದದ್ದರ ಮೇಲೆ ಇಟ್ಟು ನೋಡಬಹುದು. 1942ರಲ್ಲಿ, ಜಪಾನಿನೊಡನೆ ಯುದ್ಧ ಹುಟ್ಟಿದ ಮೇಲೆ, ತೀರದಲ್ಲಿದ್ದ ಸುಮಾರು 22,000 ಮಂದಿ ಜಪಾನೀ ಕುಲದವರನ್ನು ಸರಕಾರವು ಎಬ್ಬಿಸಿ ಒಳನಾಡಿಗೆ ಕಳುಹಿಸಿತು. ಅವರಲ್ಲಿ ಬಹುಮಂದಿ ಕೆನಡಾದ ಪ್ರಜೆಗಳೇ ಆಗಿದ್ದರು. ಪಾಲ್ಡಿಯ ಜಪಾನೀ ಮನೆಗಳೂ ಬರಿದಾದವು. ಶಾಲೆಯ ಬೆಂಚುಗಳಲ್ಲಿ ಒಮ್ಮೆಲೇ ಜಾಗ ಖಾಲಿಯಾಯಿತು. ಹೋದವರ ಮನೆ, ದೋಣಿ, ಪಾತ್ರೆಪದಾರ್ಥಗಳನ್ನು ಸರಕಾರದ ಪಾಲಕನು ಅವರ ಒಪ್ಪಿಗೆಯಿಲ್ಲದೆ ಹರಾಜು ಹಾಕಿದನು. ತೀರಕ್ಕೆ ಹಿಂದಿರುಗಲು ಅಪ್ಪಣೆಯಾದದ್ದು 1949ರ ಏಪ್ರಿಲಿನಲ್ಲಿ. ಹಿಂದಿರುಗಲು ಆಗ ಏನೂ ಉಳಿದಿರಲಿಲ್ಲ. 1988ರಲ್ಲಿ ಸರಕಾರವು ಕ್ಷಮೆ ಬೇಡಿ ಬದುಕುಳಿದವರಿಗೆ ತಲಾ 21,000 ಡಾಲರು ಕೊಟ್ಟಿತು. 2006ರಲ್ಲಿ ಚೀನೀಯರ ತಲೆತೆರಿಗೆಗಾಗಿ ಕ್ಷಮೆ ಬೇಡಿ, ತೆರಿಗೆ ಕೊಟ್ಟು ಇನ್ನೂ ಬದುಕಿದ್ದವರಿಗೆ, ಅವರಿಲ್ಲದಿದ್ದರೆ ಅವರ ಗಂಡ ಅಥವಾ ಹೆಂಡತಿಗೆ, 20,000 ಡಾಲರು ಕೊಟ್ಟಿತು. ಮಕ್ಕಳಿಗೆ ಕೊಡಲಿಲ್ಲ. ತೆರಿಗೆಯೆಂದು ಹಿಂದೆ ಬಂದಿದ್ದ ಹಣವು ಸುಮಾರು 2 ಕೋಟಿ 30 ಲಕ್ಷ ಡಾಲರು.

ಕೊಡಬೇಕಾದದ್ದು ಸಂತಾನಕ್ಕೆ ಇಳಿಯುತ್ತದೆ, ಬರಬೇಕಾದದ್ದು ಸತ್ತವನೊಡನೆ ಸಾಯುತ್ತದೆ ಎಂಬ ಈ ನ್ಯಾಯವನ್ನು ವಿಜ್ಞಾನೇಶ್ವರನು ಒಪ್ಪುತ್ತಿರಲಿಲ್ಲ. ತೆರಿಗೆಯಿಂದ ಕಟ್ಟಿದ ರಸ್ತೆ ಸೇತುವೆಗಳೂ, ಹರಾಜಿನಲ್ಲಿ ಅಗ್ಗಕ್ಕೆ ಹೋದ ತೋಟಗಳೂ ಮುಂದಿನವರ ಕೈಗೆ ಸೇರಿದಾಗ, ಕೈ ಬದಲಾಯಿತೆಂಬ ಕಾರಣದಿಂದ ಸಾಲವು ಇಲ್ಲವಾಗುವುದು ಹೇಗೆ? ಸರಕಾರಕ್ಕೆ ತನ್ನ ತೊಡಕುಗಳಿವೆ, ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು ಎಂಬ ಸಮಾಧಾನವುಂಟು. ಅದು ಆಡಳಿತದ ಸಮಾಧಾನವೇ ಹೊರತು ಧರ್ಮದ ಸಮಾಧಾನವಲ್ಲ.

ಇಲ್ಲಿಯವರೆಗೆ ಮಾತು ಬಂದ ಮೇಲೆ ಕೂಲಿಯ ಖಾತೆಯ ಇನ್ನೊಂದು ಅಂಕಣವನ್ನು ನೋಡದೆ ಬಿಡುವುದು ಸರಿಯಲ್ಲ. ಗಿರಣಿಯ ಪುಸ್ತಕದಲ್ಲಿ ಒಂದು ಕಡೆ ಆಳುಗಳ ಹೆಸರು, ಇನ್ನೊಂದು ಕಡೆ ಕೊಯ್ದ ಹಲಗೆಯ ಅಡಿಗಳು. ಆ ಹಲಗೆಯು ಯಾರದು? ಪಾಲ್ಡಿಯ ಕಣಿವೆಗೆ ಹೆಸರನ್ನು ಕೊಟ್ಟ ಕೌಯಿಚನ್ ಜನರು ಅಲ್ಲಿಯ ಮೂಲನಿವಾಸಿಗಳು. ಅವರೊಡನೆ ಆ ನೆಲಕ್ಕಾಗಿ ಯಾವ ಒಪ್ಪಂದವೂ ಆಗಿರಲಿಲ್ಲ. ಹಾಗಿದ್ದೂ 1884ರಲ್ಲಿ, ಎಸ್ಕ್ವಿಮಾಲ್ಟಿನಿಂದ ನನೈಮೋವರೆಗೆ ರೈಲುದಾರಿ ಹಾಕುವ ಕಂಪನಿಗೆ, ದ್ವೀಪದ ಪೂರ್ವಭಾಗದ ಸುಮಾರು 20 ಲಕ್ಷ ಎಕರೆಯನ್ನು ಮರ ಗಣಿಗಳ ಸಮೇತ ಸರಕಾರವು ದಾನವಾಗಿ ಕೊಟ್ಟುಬಿಟ್ಟಿತು. ಕೌಯಿಚನ್ ಕಣಿವೆಯು ಆ ಪಟ್ಟಿಯೊಳಗೆ ಬಿದ್ದಿತು. ಮತದ ಹಕ್ಕಿಲ್ಲದ ಪಂಜಾಬಿಯು, ತಲೆತೆರಿಗೆ ತೆತ್ತ ಚೀನೀಯನು, ನಾಳೆ ಊರು ಬಿಡಬೇಕಾಗಿದ್ದ ಜಪಾನೀಯನು ಮೂವರೂ ಸೇರಿ ಕೊಯ್ದದ್ದು ನಾಲ್ಕನೆಯವನ ಕಾಡನ್ನು. ಅವರು ಇದನ್ನು ತಿಳಿದು ಮಾಡಿದರೆನ್ನುವುದು ಅನ್ಯಾಯ. ಹೊಟ್ಟೆಗಾಗಿ ಗರಗಸವನ್ನು ಹಿಡಿದವನ ಮೇಲೆ ಕಾಡಿನ ಪಾಪವನ್ನೆಲ್ಲ ಹೊರಿಸುವ ನೀತಿಯು ಗಾದಿಯ ಮೇಲೆ ಕುಳಿತವರ ನೀತಿ. ಆದರೆ ಮೊಮ್ಮಗನು ಓದುತ್ತಿರುವ ಪುಸ್ತಕದಲ್ಲಿ ಆ ಹಲಗೆಯ ಅಂಕಣವು ಅಜ್ಜನ ಹೆಸರಿನ ಪಕ್ಕದಲ್ಲಿಯೇ ಇದೆ. ಕಣ್ಣಿಗೆ ಬೀಳಲಿಲ್ಲವೆಂದು ಅವನು ಹೇಳುವಂತಿಲ್ಲ.

ಆ ತೀರದ ಮೂಲಜನರಿಗೆ ಸೀಡರ್ ಎಂಬ ಮರವು ಕಲ್ಪವೃಕ್ಷವಿದ್ದಂತೆ. ಅದರ ತೊಗಟೆಯನ್ನು ಅವರು ಉದ್ದವಾಗಿ ಸುಲಿದು ಬುಟ್ಟಿ, ಚಾಪೆ, ಬಟ್ಟೆಗಳನ್ನು ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ. ಒಂದು ಕಡೆಯಿಂದ ಮಾತ್ರ ಸುಲಿಯುವುದರಿಂದ ಮರವು ಸಾಯುವುದಿಲ್ಲ. ಗಾಯದ ಎರಡು ಅಂಚುಗಳಲ್ಲಿ ವರ್ಷ ವರ್ಷವೂ ಹೊಸ ಮರ ಬೆಳೆದು ಒಳಕ್ಕೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಯ ಉಂಗುರಗಳನ್ನು ಎಣಿಸಿದರೆ ತೊಗಟೆ ಸುಲಿದದ್ದು ಯಾವ ವರ್ಷವೆಂದು ತಿಳಿಯುತ್ತದೆ. ಅಂದರೆ ಅವರ ಅಜ್ಜಿಯರು ಬಂದುಹೋದ ವರ್ಷವನ್ನು ಮರವೇ ಬರೆದಿಟ್ಟುಕೊಂಡಿತ್ತು. ಅಂಥ ಮರಗಳನ್ನು ಈಚೆಗೆ ನ್ಯಾಯಾಲಯಗಳಲ್ಲಿ, ಈ ನೆಲವನ್ನು ಬಳಸಿದವರು ಯಾರೆಂಬುದಕ್ಕೆ ಸಾಕ್ಷ್ಯವಾಗಿ ಮುಂದಿಟ್ಟಿದ್ದಾರೆ. ತೀರದುದ್ದಕ್ಕೂ ಗರಗಸಗಳ ಬಾಯಿಗೆ ಅಂಥವು ಎಷ್ಟು ಹೋದವೆಂಬುದನ್ನು ಯಾರೂ ಎಣಿಸಿಡಲಿಲ್ಲ. ಹಲಗೆಯ ಅಡಿಯನ್ನು ಅಳೆಯುವ ಕೋಲಿಗೆ ತೊಗಟೆಯ ಗಾಯವು ಕೊರತೆಯೆಂದೇ ತೋರಿ, ಆ ಭಾಗವನ್ನು ಕತ್ತರಿಸಿ ಬಿಸುಟಿರಬೇಕು. ಒಬ್ಬರ ಖಾತೆಯಲ್ಲಿ ಒಂದು ದಿನದ ಕೂಲಿ ಜಮೆಯಾದ ಹೊತ್ತಿನಲ್ಲಿ ಇನ್ನೊಬ್ಬರ ವಂಶಾವಳಿಯ ಒಂದು ಹಾಳೆ ಹರಿಯಿತು.

ಉಳಿದಿರುವ ಗಾಯದ ಮರಗಳಿಗೆ ಆ ಪ್ರಾಂತದ ಕಾನೂನು ಈಗ ರಕ್ಷಣೆ ಕೊಡುತ್ತದೆ. ಅದಕ್ಕೊಂದು ಗಡುವು ಇದೆ: ಬ್ರಿಟಿಷರು ಆ ಸೀಮೆಯನ್ನು ತಮ್ಮದೆಂದು ಒಪ್ಪಂದ ಮಾಡಿಕೊಂಡ 1846. ಅದಕ್ಕಿಂತ ಹಿಂದಿನ ಗಾಯವಾದರೆ ತಾನಾಗಿಯೇ ರಕ್ಷಣೆ; ಈಚಿನದಾದರೆ ಯಾರಾದರೂ ಬೇರೆ ಬೇಡಿಕೊಂಡು ಅಪ್ಪಣೆ ಪಡೆಯಬೇಕು. ಆದ್ದರಿಂದ ಮರ ಕಡಿಯುವುದಕ್ಕೆ ಮೊದಲು ಲೆಕ್ಕ ಬಲ್ಲವನೊಬ್ಬನು ಕಾಡಿಗೆ ಹೋಗಿ, ಗಾಯದ ಅಂಚಿನಿಂದ ಪೆನ್ಸಿಲಿನಷ್ಟು ದಪ್ಪದ ತಿರುಳನ್ನು ತೆಗೆದು, ಕನ್ನಡಕವನ್ನು ಸರಿಮಾಡಿಕೊಂಡು ಉಂಗುರಗಳನ್ನು ಒಂದೊಂದಾಗಿ ಎಣಿಸುತ್ತಾನೆ. 1845ಕ್ಕೆ ನಿಂತರೆ ಮರವು ಉಳಿಯುತ್ತದೆ. 1847ಕ್ಕೆ ನಿಂತರೆ ಅದು ಮರ ಮಾತ್ರ.

ಡಂಕನ್ನಿನ ದಾರಿಯಲ್ಲಿ ಪಾಲ್ಡಿಯ ಗುರುದ್ವಾರದ ಬಾಗಿಲು ತೆರೆದಿರುತ್ತದೆ. ಅಜ್ಜನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದವರೂ ಬಾರದವರೂ ಅಲ್ಲಿ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಬಡಿಸುವವರು ಹೆಸರು ಕೇಳುವ ಪದ್ಧತಿಯಿಲ್ಲ.